ತೊಟ್ಟಿ ಮನೆ: ಮೂಲೆ ಸೋರುತ್ತೆ, ಕಂಬದ ಬುಡ ಕೊಳೆತಿದೆ

ಹಳೆಜಗುಲಿ:
ತೀರ್ಥಹಳ್ಳಿ ಕಡೆಯ ಹಳೆ ತೊಟ್ಟಿ ಮನೆ, ಮಂಗಳೂರು ಹೆಂಚು. ಅಂಗಳದ ಒಂದು ಮೂಲೆಯಲ್ಲಿ, ಎರಡು ಮಾಡು (ಇಳಿಜಾರು ಚಾವಣಿ) ಕೂಡುವಲ್ಲಿ, ಪ್ರತಿ ಮಳೆಗಾಲ ಸೋರುತ್ತೆ. ಕೆಳಗಿನ ಹಲಸಿನ ಕಂಬದ ಬುಡ ಎಂಟು ಇಂಚು ಎತ್ತರಕ್ಕೆ ಚಾಕು ಇಳಿಯುವಷ್ಟು ಮೆತ್ತಗಾಗಿದೆ. ಪಕ್ಕದ ಮಣ್ಣಿನ ಗೋಡೆಗೆ ಮಾಡಿಸಿದ ಸಿಮೆಂಟ್ ಗಾರೆ ಉಬ್ಬಿದೆ. ಮೇಸ್ತ್ರಿ ಕಾಂಕ್ರೀಟ್ ಪಿಲ್ಲರ್ ಅಂತಾರೆ. ಯಾವುದರಿಂದ ಶುರು ಮಾಡಲಿ?

ರೀಪುಪಕಾಸು:
ಮೊದಲು ಮಾಡಿನ ಕೆಲಸ. 30 ಡಿಗ್ರಿ ಇಳಿಜಾರಿನ ಎರಡು ಮಾಡು ಮೂಲೆಮಟ್ಟಕ್ಕೆ (90 ಡಿಗ್ರಿಗೆ) ಕೂಡಿದರೆ ಒಳಮೂಲೆಯ ಇಳಿಜಾರು ಬರೀ 22 ಡಿಗ್ರಿ. ಎರಡೂ ಕಡೆಯ ನೀರು ಆ ಒಂದೇ ಗೆರೆಯಲ್ಲಿ, ಅದೂ ನಿಧಾನಕ್ಕೆ, ಇಳೀಬೇಕು. ಹೆಂಚು ತೆಗೆದು ಕೆಳಗಿನ ತಗಡು ನೋಡಿ. ಅಗಲ 24 ಇಂಚು, ಎರಡೂ ಅಂಚು ಮೇಲಕ್ಕೆ ಮಡಚಿರಬೇಕು, ಜೋಡಿನಲ್ಲಿ ಮೇಲಿನ ತಗಡು ಕೆಳಗಿನದನ್ನು 8 ಇಂಚು ಮುಚ್ಚಬೇಕು. ಹೆಂಚು ಎರಡೂ ಕಡೆಯಿಂದ ತಗಡಿನ ಮೇಲೆ 6 ಇಂಚು ಚಾಚಲಿ, ನಡುವೆ ಗೇಣಗಲ ಖಾಲಿ ಇರಲಿ. ಕಿರಿದಾದರೆ ತರಗೆಲೆ ಸಿಕ್ಕಿ ನೀರು ಹಿಂದಕ್ಕೆ ಒತ್ತುತ್ತೆ. ಅಂಚಿಗೆ ಸಿಮೆಂಟ್ ಮೆತ್ತಲೇಬೇಡಿ. ಬಿಸಿಲಿಗೆ ಬಿರುಕು ಬಿಟ್ಟು, ಆ ಬಿರುಕೇ ನೀರು ಎಳೆದು ಪಕಾಸಿಗೆ (ಮಾಡು ಹೊರುವ ಇಳಿಜಾರು ಮರಕ್ಕೆ) ಕುಡಿಸುತ್ತೆ. ಅಲ್ಯೂಮಿನಿಯಂ ತಗಡಾದರೆ ಸಿಮೆಂಟಿನ ಕ್ಷಾರಕ್ಕೇ ತೂತು ಬೀಳುತ್ತೆ.

ಉಳಿಬಾಚಿ:
ಒಂದು ತಿದ್ದುಪಡಿ. ಹೆಂಚು ಇಳಿಸಿ, ಆದರೆ ಹೊಸ ತಗಡು ಹಾಕೋಕೆ ಮುಂಚೆ ಕಂಬ ಮುಗಿಸಿ. ಭಾರ ಕಮ್ಮಿ ಇರುತ್ತೆ, ಎತ್ತುವಾಗ ತಗಡಿನ ಜೋಡೂ ಬಿಚ್ಚಲ್ಲ. ಪಿಲ್ಲರ್ ಬೇಡ, ಎಂಟು ಇಂಚಿಗೆ ಇಡೀ ಕಂಬ ಕಿತ್ತು ಹಾಕೋದು ಸೋಮಾರಿ ಕೆಲಸ. ಕಂಬದ ಎರಡೂ ಪಕ್ಕ ತೊಲೆಗೆ ಆಸರೆ ಕೊಟ್ಟು ಸ್ಕ್ರೂ ಜಾಕಿಯಲ್ಲಿ 2–3 ಮಿ.ಮೀ. ಎತ್ತಿ, ಅಷ್ಟೇ. ಕೊಳೆತದ್ದಕ್ಕಿಂತ ಎರಡು ಇಂಚು ಮೇಲೆ, ಗಟ್ಟಿ ಮರದಲ್ಲಿ ಕೊಯ್ದು, ಕೊಯ್ದಷ್ಟೇ ಎತ್ತರದ ಕರಿಗಲ್ಲು ಕೂರಿಸಿ. ಕಲ್ಲಿನ ತಲೆಯಲ್ಲಿ ಅಗಲದ ಕುಳಿ ಮಾಡಿಸಬೇಡಿ, ನೀರು ನಿಂತು ಮತ್ತೆ ಅದೇ ಕಥೆ. ಜಾರದ ಹಾಗೆ ನಡುವೆ ಒಂದು ಸ್ಟೇನ್‌ಲೆಸ್ ಸರಳಿನ ಗೂಟ ಸಾಕು. ಕೊಯ್ದ ಮುಖಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ), ಮರ ಕುಡಿಯುವಷ್ಟು ಸಲ. ಕೈಗವಸು ಹಾಕ್ಕೊಳ್ಳಿ, ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತೆ.

ಹಳೆಜಗುಲಿ:
ಗೋಡೆ?

ಸುಣ್ಣದಗೂಡು:
ಸಿಮೆಂಟ್ ಪೂರ್ತಿ ಕೆತ್ತಿ ತೆಗೀರಿ. ಮಣ್ಣು ಹೀರಿದ ತೇವ ಹೊರಗೆ ಹೋಗೋಕೆ ದಾರಿ ಇಲ್ಲದೆ ಉಬ್ಬಿದ್ದು ಅದು. ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ಸುಣ್ಣದ ಗಾರೆ: ಒಂದು ಪಾಲು ಸುಣ್ಣ, ಮೂರು ಪಾಲು ಮರಳು, ಒಂದು ಪದರ ಅರ್ಧ ಇಂಚು ಮೀರಬಾರದು. ಅಂದಹಾಗೆ ತೊಟ್ಟಿಯ (ನಡು ಅಂಗಳದ) ನೀರು ಹೊರಗೆ ಹೋಗುವ ಕಂಡಿ ನೋಡಿದ್ರಾ? ನಾಲ್ಕು ಕೊಡ ನೀರು ಒಟ್ಟಿಗೆ ಸುರೀರಿ. ನೀರು ಕಂಬದ ಬುಡದ ಕಡೆ ಹರಡಿದರೆ ಕಂಡಿ ಕಟ್ಟಿದೆ ಅಥವಾ ಅಂಗಳದ ಚಪ್ಪಡಿ ಕುಸಿದಿದೆ.