ಅಜ್ಜಿ, ಅಮ್ಮ ಬಳಸಿದ ವಸ್ತುಗಳ ಸ್ಟಿಲ್ ಲೈಫ್ ಸರಣಿ: ಅನುಭವವಿರುವವರು ತಿಳಿಸಿ

ಪ್ರಶ್ನೆ

ಅಜ್ಜಿ ತೀರಿಕೊಂಡ ಮೇಲೆ ಅವರ ಹೊಲಿಗೆಯ ಕತ್ತರಿ, ಕನ್ನಡಕ, ಗುಂಡಿಗಳಿದ್ದ ತಗಡಿನ ಡಬ್ಬ ಮತ್ತು ಮನೆಯ ಲೆಕ್ಕ ಬರೆಯುತ್ತಿದ್ದ ಪುಸ್ತಕ ನನ್ನ ಬಳಿ ಉಳಿದಿವೆ. ಅಮ್ಮನ ಕೆಲವು ವಸ್ತುಗಳನ್ನೂ ಸೇರಿಸಿಕೊಂಡು, ನಮ್ಮ ಮನೆಯ ಹೆಂಗಸರ ಬದುಕನ್ನು ಹೇಳುವ ಸ್ಟಿಲ್ ಲೈಫ್ (ನಿರ್ಜೀವ ವಸ್ತುಗಳನ್ನು ಜೋಡಿಸಿ ತೆಗೆಯುವ ಫೋಟೊ) ಸರಣಿಯೊಂದನ್ನು ಮಾಡಬೇಕೆಂದಿದ್ದೇನೆ. ಆದರೆ ಈವರೆಗೆ ತೆಗೆದ ಚಿತ್ರಗಳೆಲ್ಲ ಹಳೆಯ ಸಾಮಾನಿನ ಜಾಹೀರಾತಿನಂತೆ ಕಾಣುತ್ತಿವೆ. ವಸ್ತು ಕಾಣುತ್ತದೆ, ಅದನ್ನು ಬಳಸಿದವರು ಕಾಣುವುದಿಲ್ಲ. ಇಂಥ ಕೆಲಸ ಮಾಡಿದವರು ದಯವಿಟ್ಟು ದಾರಿ ತೋರಿಸಿ.

ಉತ್ತರ 1

ಬಳಸಿದವರು ಕಾಣಬೇಕಾದರೆ ಬಳಕೆಯ ಗುರುತು ಕಾಣಬೇಕು. ಆದ್ದರಿಂದ ವಸ್ತುಗಳನ್ನು ತೊಳೆಯಬೇಡಿ, ಉಜ್ಜಿ ಹೊಳಪು ಬರಿಸಬೇಡಿ. ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ಕತ್ತರಿಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ನೋಡಿ. ಹಿಡಿಕೆಯ ಬಣ್ಣ ಹೆಬ್ಬೆರಳು ತೂರುವ ಕಡೆಯಲ್ಲಿ ಮಾತ್ರ ಸವೆದು ಒಳಗಿನ ಲೋಹ ಕಾಣುತ್ತಿರಬಹುದು, ಅಲಗುಗಳು ಕೂಡುವ ತಿರುಪಿನ ಸುತ್ತ ಎಣ್ಣೆಯೂ ನೂಲಿನ ಚೂರೂ ಸೇರಿ ಕಪ್ಪುಗಟ್ಟಿರಬಹುದು. ನಾನು ಚಿತ್ರಿಸಿದ ಕತ್ತರಿಯೊಂದರ ಹಿಡಿಕೆಗೆ ಬಟ್ಟೆಯ ಪಟ್ಟಿ ಸುತ್ತಿತ್ತು, ಅದೂ ಒಂದೇ ಬದಿಯಲ್ಲಿ ದಪ್ಪವಾಗಿ. ಬೆರಳಿನ ಗಂಟು ನೋಯತೊಡಗಿದ ಮೇಲೂ ಹೊಲಿಗೆ ಬಿಡದ ಒಬ್ಬಾಕೆ ಅದನ್ನು ತಮ್ಮ ಕೈಗೆ ಹೊಂದುವಂತೆ ತಿದ್ದಿಕೊಂಡಿದ್ದರು. ಇಡೀ ಕತ್ತರಿಯನ್ನು ಚೌಕಟ್ಟಿನ ನಡುವೆ ಇಟ್ಟು ತೆಗೆದ ಚಿತ್ರ ಹೇಳದೆ ಬಿಟ್ಟದ್ದನ್ನು ಆ ಹಿಡಿಕೆಯ ಚಿತ್ರ ಹೇಳಿತು.

ಇಂಥ ಗುರುತುಗಳನ್ನು ಎತ್ತಿ ತೋರಿಸಲು ಅಡ್ಡ ಬೆಳಕು ಬೇಕು. ಕೋಣೆಯ ದೀಪಗಳನ್ನೆಲ್ಲ ಆರಿಸಿ, ನೇರ ಬಿಸಿಲು ಬೀಳದ ಒಂದು ಕಿಟಕಿಯ ಪಕ್ಕದಲ್ಲಿ ಮೇಜನ್ನಿಟ್ಟು, ಬೆಳಕು ವಸ್ತುವಿನ ಮೈಯನ್ನು ಸವರಿಕೊಂಡು ಹೋಗುವಂತೆ ಅದನ್ನು ತಿರುಗಿಸುತ್ತಾ ಹೋದರೆ, ಯಾವುದೋ ಒಂದು ಕೋನದಲ್ಲಿ ಗೀರು, ತಗ್ಗು, ಸವಕಲು ಎಲ್ಲವೂ ಒಮ್ಮೆಗೇ ಎದ್ದು ಕಾಣುತ್ತವೆ. ಕಿಟಕಿಯ ಎದುರು ಬದಿಗೆ ಬಿಳಿ ಥರ್ಮಾಕೋಲ್ ಇಟ್ಟರೆ ನೆರಳು ತಿಳಿಯಾಗುತ್ತದೆ, ಕಪ್ಪು ರಟ್ಟು ಇಟ್ಟರೆ ಗಾಢವಾಗುತ್ತದೆ. ಸವೆದ ವಸ್ತುಗಳಿಗೆ ನಾನು ಕಪ್ಪು ರಟ್ಟನ್ನೇ ಆರಿಸುತ್ತೇನೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಚಿಕ್ಕದು) ಎಫ್ 8 ಅಥವಾ ಎಫ್ 11, ಟ್ರೈಪಾಡ್, 2 ಸೆಕೆಂಡಿನ ಟೈಮರ್, ಇಷ್ಟು ಸಾಕು. ಶಟರ್ ವೇಗ ಅರ್ಧ ಸೆಕೆಂಡಿಗೆ ಇಳಿದರೂ ತೊಂದರೆಯಿಲ್ಲ. ಎಲ್ಲವೂ ಸ್ಪಷ್ಟವಾಗಿರಲೆಂದು ಎಫ್ 22ರವರೆಗೆ ಹೋಗಬೇಡಿ, ತೀರ ಚಿಕ್ಕ ಕಿಂಡಿಯಲ್ಲಿ ಬೆಳಕು ಚದುರುವ ಡಿಫ್ರಾಕ್ಷನ್‌ನಿಂದಾಗಿ ನಿಮಗೆ ಬೇಕಾದ ಸಣ್ಣ ಗೆರೆಗಳೇ ಮಂಕಾಗುತ್ತವೆ.

ಒಣಗಿದ ಹೂವು, ಮೇಣದಬತ್ತಿ, ಮುತ್ತಿನ ಸರಗಳನ್ನು ಪಕ್ಕದಲ್ಲಿ ಇಡುವ ಆಸೆಯನ್ನು ಬಿಟ್ಟುಬಿಡಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವು ‘ಹೆಣ್ಣು’ ಎಂಬ ಸಾಮಾನ್ಯ ಭಾವನೆಯನ್ನು ತರುತ್ತವೆಯೇ ಹೊರತು ನಿಮ್ಮ ಅಜ್ಜಿಯವರನ್ನು ತರುವುದಿಲ್ಲ.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ. ಜಪಾನಿನ ಛಾಯಾಗ್ರಾಹಕಿ ಇಶಿಯುಚಿ ಮಿಯಾಕೊ ಅವರ ಕೆಲಸವನ್ನು ನೀವು ನೋಡಲೇಬೇಕು. 2000ರಲ್ಲಿ ತಾಯಿ ತೀರಿಕೊಂಡ ಬಳಿಕ ಅವರು ತಾಯಿಯ ಒಳಉಡುಪು, ಬಳಸಿ ಮುಗಿಯುತ್ತಾ ಬಂದಿದ್ದ ಲಿಪ್‌ಸ್ಟಿಕ್, ಕಟ್ಟಿಸಿದ ಹಲ್ಲು, ಕೂದಲು ಇನ್ನೂ ಸಿಕ್ಕಿಕೊಂಡಿದ್ದ ಬ್ರಷ್ ಇವುಗಳನ್ನು ಒಂದೊಂದಾಗಿ ಚಿತ್ರಿಸಿದರು, ಮತ್ತು ಆ ಸರಣಿ 2005ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದ ಜಪಾನ್ ಪೆವಿಲಿಯನ್‌ನಲ್ಲಿ ಪ್ರದರ್ಶನಗೊಂಡಿತು. ಲಿಪ್‌ಸ್ಟಿಕ್ಕಿನ ತುದಿ ಸವೆಯುವುದು ಹಚ್ಚಿಕೊಳ್ಳುವವರ ಕೈವಾಟಕ್ಕೆ ತಕ್ಕಂತೆ. ಆ ಓರೆಯಲ್ಲಿ ತಾಯಿಯ ಕೈ ಇದೆ. ಚೆಂದವಾದದ್ದನ್ನು ಮಾತ್ರ ಆರಿಸಿಕೊಂಡಿದ್ದರೆ ಅವರ ಸರಣಿಗೆ ಅಷ್ಟು ಬಲ ಬರುತ್ತಿರಲಿಲ್ಲ. ನಿಮ್ಮ ಪಟ್ಟಿಯಲ್ಲಿರುವುದೆಲ್ಲ ಅಜ್ಜಿ ಮನೆಯವರಿಗಾಗಿ ದುಡಿದ ವಸ್ತುಗಳೇ ಆಗಿರುವಂತಿದೆ. ಅವರು ತಮಗಾಗಿ ಮಾತ್ರ ಇಟ್ಟುಕೊಂಡಿದ್ದದ್ದು ಏನಾದರೂ ಇದೆಯೇ ಎಂದು ಹುಡುಕಿ ನೋಡಿ.

ಉತ್ತರ 3

ಕಲೆಯ ಇತಿಹಾಸವನ್ನು ಓದಿಕೊಂಡವಳಾಗಿ ಒಂದು ವಿಷಯವನ್ನು ಸೇರಿಸಬೇಕೆನಿಸುತ್ತದೆ. 1667ರಲ್ಲಿ ಫ್ರಾನ್ಸಿನ ಕಲಾ ಬರಹಗಾರ ಆಂದ್ರೆ ಫೆಲಿಬಿಯಾನ್ ಚಿತ್ರಕಲೆಯ ಪ್ರಕಾರಗಳಿಗೆ ಮೇಲುಕೀಳಿನ ಶ್ರೇಣಿ ಹಾಕಿದಾಗ ನಿರ್ಜೀವ ವಸ್ತುಗಳ ಚಿತ್ರಣಕ್ಕೆ ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗಿನ ಸ್ಥಾನ. ಮನುಷ್ಯರ ಮೈಯನ್ನು ಚಿತ್ರಿಸಲು ಬೇಕಾದ, ನಗ್ನ ಮಾದರಿಯನ್ನು ನೋಡಿ ಬರೆಯುವ ಅಭ್ಯಾಸಕ್ಕೆ ಹೆಂಗಸರಿಗೆ ಬಹುಕಾಲ ಅವಕಾಶವಿರಲಿಲ್ಲವಾದ್ದರಿಂದ, ಹೂವು, ಹಣ್ಣು, ಪಾತ್ರೆಗಳಿದ್ದ ಈ ಮೇಜೇ ಅವರಲ್ಲಿ ಅನೇಕರಿಗೆ ತೆರೆದಿದ್ದ ದಾರಿಯಾಯಿತು. ನೀವು ಆರಿಸಿಕೊಂಡಿರುವ ಪ್ರಕಾರದೊಳಗೇ ಹೆಂಗಸರ ಚರಿತ್ರೆ ಇದೆ.

ಅದಕ್ಕೂ ಮೊದಲೇ, 17ನೇ ಶತಮಾನದ ಆರಂಭದಲ್ಲಿ, ಫ್ಲೆಮಿಶ್ (ಇಂದಿನ ಬೆಲ್ಜಿಯಂ ಭಾಗದ) ಕಲಾವಿದೆ ಕ್ಲಾರಾ ಪೀಟರ್ಸ್ ತಮ್ಮ ಚಿತ್ರಗಳೊಳಗೆ ತಮ್ಮನ್ನೇ ಸೇರಿಸಿಬಿಟ್ಟಿದ್ದರು. ನೆದರ್‌ಲ್ಯಾಂಡ್ಸಿನ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿರುವ, ಸುಮಾರು 1615ರ ಚಿತ್ರದಲ್ಲಿ ಚೀಸ್, ಬಾದಾಮಿಗಳ ಹಿಂದಿರುವ ಹೂಜಿಯ ಲೋಹದ ಮುಚ್ಚಳವನ್ನು ಹತ್ತಿರದಿಂದ ನೋಡಿದರೆ ಚಿಕ್ಕದೊಂದು ಮುಖ ಕಾಣುತ್ತದೆ, ಅದು ಅವರದೇ. ಮುಂದಿರುವ ಚಾಕುವಿನ ಹಿಡಿಯ ಮೇಲೆ ಅವರ ಹೆಸರು ಕೆತ್ತಿದೆ. ಇಷ್ಟಾದರೂ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯವು ಒಬ್ಬ ಕಲಾವಿದೆಗೆಂದೇ ಮೀಸಲಾದ ತನ್ನ ಮೊದಲ ಪ್ರದರ್ಶನವನ್ನು ಅವರ ಕೃತಿಗಳಿಂದ ಏರ್ಪಡಿಸಿದ್ದು 2016ರಲ್ಲಿ. ನಿಮ್ಮ ತಗಡಿನ ಡಬ್ಬದ ಮುಚ್ಚಳ ಇನ್ನೂ ಸ್ವಲ್ಪ ಹೊಳೆಯುತ್ತಿದ್ದರೆ ಅದರಲ್ಲಿ ಬೀಳುವ ನಿಮ್ಮ ಬಿಂಬವನ್ನು ತೊಡೆದುಹಾಕಬೇಡಿ. ಅಜ್ಜಿಯಿಂದ ಮೊಮ್ಮಗಳವರೆಗಿನ ಸಾಲಿನಲ್ಲಿ ನೀವೂ ಒಬ್ಬರಲ್ಲವೇ?

ಉತ್ತರ 4

ಬಿಂಬದ ವಿಚಾರದಲ್ಲಿ ಚಿಕ್ಕದೊಂದು ಸೂಚನೆ. ಉಬ್ಬಿದ ಲೋಹದಲ್ಲಿ ಬಿಂಬವು ಮೇಲ್ಮೈಗೆ ತೀರ ಹತ್ತಿರದಲ್ಲೇ ಮೂಡುವುದರಿಂದ ಎಫ್ 11ರಲ್ಲಿ ಮುಚ್ಚಳ ಮತ್ತು ಬಿಂಬ ಎರಡೂ ಬಹುಮಟ್ಟಿಗೆ ಸ್ಪಷ್ಟವಾಗಿ ಬರುತ್ತವೆ. ಚಪ್ಪಟೆ ಕನ್ನಡಿಯಲ್ಲಿ ಹಾಗಾಗುವುದಿಲ್ಲ. ಕನ್ನಡಕದ ಗಾಜಿನ ಮೇಲಿನ ಅನಗತ್ಯ ಹೊಳಪನ್ನು ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ತಗ್ಗಿಸುತ್ತದೆ, ಆದರೆ ಬರಿಯ ಲೋಹದ ಹೊಳಪಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ಲೋಹಕ್ಕೆ ಬೆಳಕಿನ ಕೋನವನ್ನೇ ಬದಲಿಸಬೇಕು.

ಉತ್ತರ 5

ಎಲ್ಲರೂ ಅಜ್ಜಿಯವರ ವಸ್ತುಗಳ ಬಗ್ಗೆಯೇ ಬರೆದಿದ್ದಾರೆ, ನಾನು ನಿಮ್ಮ ಅಮ್ಮನವರ ಬಗ್ಗೆ ಹೇಳುತ್ತೇನೆ. ಅವರ ಬದುಕನ್ನು ಯಾವ ವಸ್ತು ಹೇಳುತ್ತದೆ ಎಂಬುದನ್ನು ನೀವೇ ತೀರ್ಮಾನಿಸಬೇಡಿ, ಅವರನ್ನೇ ಕೇಳಿ. ನನ್ನ ತಾಯಿಗೆ ಈ ಪ್ರಶ್ನೆ ಕೇಳಿದಾಗ ನಾನು ಎಣಿಸಿದ್ದ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಬದಿಗೆ ಸರಿಸಿ, ತಾವು ಮದುವೆಗೆ ಮೊದಲು ಕಲಿತಿದ್ದ ಟೈಪಿಂಗ್ ತರಗತಿಯ ಅಭ್ಯಾಸದ ಹಾಳೆಗಳನ್ನು ತಂದು ಮೇಜಿನ ಮೇಲೆ ಹರಡಿದರು. ಒಂದೇ ಸಾಲು ಹಾಳೆಯ ಉದ್ದಕ್ಕೂ ಮತ್ತೆ ಮತ್ತೆ ಟೈಪಾಗಿತ್ತು, ತಪ್ಪಿದ ಅಕ್ಷರಗಳ ಮೇಲೆ ಅಡ್ಡಗೆರೆ ಬಿದ್ದಿತ್ತು. ಆ ಹಾಳೆಗಳನ್ನು ಹೇಗೆ ಜೋಡಿಸಬೇಕೆಂಬುದನ್ನೂ ಅವರೇ ಹೇಳಿದರು, ನಾನು ಬೆಳಕನ್ನು ಮಾತ್ರ ನೋಡಿಕೊಂಡೆ. ನನ್ನ ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಚಿತ್ರ ಇಂದಿಗೂ ಅದೇ.

ಚಿತ್ರದ ಕೆಳಗಿನ ಬರಹದ ಬಗ್ಗೆಯೂ ಯೋಚಿಸಿ. ‘ಅಜ್ಜಿಯ ಕತ್ತರಿ’ ಎಂದು ಬರೆದರೆ ಅವರು ನಿಮ್ಮ ಸಂಬಂಧದೊಳಗೆ ಮಾತ್ರ ಉಳಿಯುತ್ತಾರೆ. ಹಳೆಯ ದಾಖಲೆಗಳಲ್ಲಿ ಎಷ್ಟೋ ಹೆಂಗಸರು ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಸಿಗುತ್ತಾರೆ. ಅವರ ಪೂರ್ಣ ಹೆಸರು, ಹುಟ್ಟಿದ ವರ್ಷ, ಆ ವಸ್ತುವನ್ನು ಯಾವಾಗಿನಿಂದ ಬಳಸಿದರು ಎಂಬುದು ತಿಳಿದಿದ್ದರೆ ಅದನ್ನೂ ಬರೆಯಿರಿ. ಇವನ್ನೆಲ್ಲ ಹೇಳಬಲ್ಲವರು ಅಮ್ಮನೇ ಆಗಿರುವುದರಿಂದ ಚಿತ್ರ ತೆಗೆಯುವಾಗ ಫೋನಿನಲ್ಲಿ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ಲೆಕ್ಕದ ಪುಸ್ತಕದಲ್ಲಿ ಸಾಲ, ಕಾಯಿಲೆ ಅಥವಾ ಬೇರೆ ಮನೆಯವರ ಹೆಸರುಗಳು ಇರಬಹುದು. ಯಾವ ಪುಟವನ್ನು ತೆರೆದಿಡಬೇಕೆಂಬುದನ್ನು ಅಮ್ಮನ ಜೊತೆ ಕುಳಿತು ಆರಿಸಿ, ಅವರು ಬೇಡವೆಂದರೆ ಪುಸ್ತಕವನ್ನು ಮುಚ್ಚಿಟ್ಟು ಅದರ ಬೆನ್ನನ್ನೋ ಬೆರಳು ತಾಗಿ ಮಾಸಿದ ಅಂಚನ್ನೋ ಚಿತ್ರಿಸಿ.