ಜಾಗ ಹಿಡಿಯುವ ಆಟಗಳು: ಮನೆಮಂದಿಗೆ ಯಾವುದು ಒಗ್ಗುತ್ತದೆ?

ಪ್ರಶ್ನೆ, ತುಮಕೂರಿನಿಂದ:
ಮಗ ಪಿಯುಸಿ, ಮಗಳು ಏಳನೆಯ ತರಗತಿ. 'ಬಿಸಿನೆಸ್' ಆಟ ಇಬ್ಬರಿಗೂ ಸಾಕಾಗಿದೆ. ಜಾಗ ಹಿಡಿದು, ಎದುರಾಳಿಯ ದಾರಿ ಕಟ್ಟಿ ಗೆಲ್ಲುವ ಆಟ ಬೇಕೆನ್ನುತ್ತಾರೆ. ರಜೆಯಲ್ಲಿ ನಾವು ನಾಲ್ವರೂ ಕೂತು ಆಡಲು 'ರಿಸ್ಕ್' ಎಂಬ ಭೂಪಟದ ಹಲಗೆಯಾಟ ಕೊಳ್ಳಬಹುದೇ? ಆಡಿ ನೋಡಿದವರು ದಯವಿಟ್ಟು ತಿಳಿಸಿ.

ಕೋಲಾರದಿಂದ:
ಮೇಡಂ, ರಿಸ್ಕ್ ನನಗೆ ತುಂಬಾ ಪ್ರಿಯವಾದ ಆಟ. ಆದರೂ ನಿಮ್ಮ ಮನೆಗೆ ಮೊದಲು ಬರುವ ಆಟ ಅದಾಗುವುದು ಬೇಡ. ಭೂಪಟದಲ್ಲಿ 42 ಪ್ರದೇಶಗಳಿವೆ. ಮೂಲ ನಿಯಮದಂತೆ ಒಬ್ಬರು ಅಷ್ಟನ್ನೂ ಗೆಲ್ಲುವವರೆಗೆ ಆಟ ಮುಗಿಯುವುದಿಲ್ಲ. ನೆಲ ಕಳೆದುಕೊಂಡವರು ನಡುವೆಯೇ ಹೊರಗೆ. ನಾಲ್ವರಲ್ಲಿ ಮೊದಲು ಹೊರಬೀಳುವುದು ಹೆಚ್ಚಾಗಿ ಚಿಕ್ಕವರೇ. ದೊಡ್ಡವರು ಮತ್ತೂ ಒಂದು ಗಂಟೆ ಕಾದಾಡುತ್ತಿದ್ದರೆ ಆ ಮಗು ಸುಮ್ಮನೆ ನೋಡುತ್ತಾ ಕೂರಬೇಕು. ಮರುದಿನ ಆಡಲು ಕರೆದರೆ ಬರುವುದಿಲ್ಲ.

ಆದರೂ ತರುತ್ತೀರಾದರೆ ಮಗಳಿಗೆ ಇಷ್ಟನ್ನು ಮೊದಲೇ ಹೇಳಿಕೊಡಿ. ಏಷ್ಯಾ ಹಿಡಿದರೆ ಪ್ರತಿ ಸರದಿಗೂ 7 ಸೈನ್ಯ ಹೆಚ್ಚಿಗೆ ಸಿಗುತ್ತದೆ ಎಂದು ಹೊಸಬರು ಅತ್ತಲೇ ಓಡುತ್ತಾರೆ. ಅಲ್ಲಿ 12 ಪ್ರದೇಶಗಳು, ಸುತ್ತಲೂ ಶತ್ರು, ಉಳಿಸಿಕೊಳ್ಳುವುದು ಕಷ್ಟ. ಆಸ್ಟ್ರೇಲಿಯಾದಲ್ಲಿ ಸಿಗುವುದು 2 ಮಾತ್ರ, ಆದರೆ ಒಳಗೆ ಬರಲು ಏಷ್ಯಾದ ಸಯಾಮ್ ಕಡೆಯಿಂದ ಒಂದೇ ದಾರಿ. ಆ ದಾರಿಯ ಬಾಯಲ್ಲಿರುವ ಇಂಡೊನೇಷ್ಯಾದಲ್ಲಿ (ಈ ಆಟದಲ್ಲಿ ಅದು ಆಸ್ಟ್ರೇಲಿಯಾಕ್ಕೆ ಸೇರಿದ್ದು) ಸೈನ್ಯ ಪೇರಿಸಿಟ್ಟರೆ ಬೆನ್ನಿನ ಚಿಂತೆ ಇಲ್ಲ. ಇನ್ನು ದಾಳದ ಲೆಕ್ಕ: ಇಬ್ಬರಿಗೂ ಒಂದೇ ಸಂಖ್ಯೆ ಬಿದ್ದರೆ ಗೆಲುವು ಕಾಯುವವರದು. ಹಾಗಾಗಿ ಒಂದಕ್ಕೆ ಒಂದು ದಾಳವಾದರೆ 36 ಸಾಧ್ಯತೆಗಳಲ್ಲಿ 15ರಲ್ಲಿ ಮಾತ್ರ ದಾಳಿ ಫಲಿಸುತ್ತದೆ. ಮೂರು ದಾಳ ಹಿಡಿದು ಹೋದರೆ ಎದುರಿಗೆ ಎರಡಿದ್ದರೂ ಲೆಕ್ಕ ದಾಳಿ ಮಾಡುವವರತ್ತ ವಾಲುತ್ತದೆ. ಸೈನ್ಯವನ್ನು ಊರೆಲ್ಲ ಚೆಲ್ಲಬಾರದು, ಒಂದೆಡೆ ಕೂಡಿಸಿ ನುಗ್ಗಬೇಕು.

ಶಿಡ್ಲಘಟ್ಟದಿಂದ:
ನಾಲ್ವರಿಗೆ ಬ್ಲೋಕಸ್ ತನ್ನಿ. ಒಬ್ಬೊಬ್ಬರಿಗೆ 21 ತುಂಡುಗಳು, 400 ಚೌಕಗಳ ಹಲಗೆ. ನಿಮ್ಮ ತುಂಡು ನಿಮ್ಮದೇ ಇನ್ನೊಂದು ತುಂಡಿಗೆ ಮೂಲೆಯಲ್ಲಿ ತಾಗಲೇಬೇಕು, ಬದಿಯಲ್ಲಿ ತಾಗಬಾರದು. ನಿಯಮ ಇಷ್ಟೇ. ಯಾರನ್ನೂ ಹೊಡೆದು ಹೊರಹಾಕುವಂತಿಲ್ಲ, ದಾರಿಗೆ ಅಡ್ಡ ಬರಬಹುದು ಅಷ್ಟೆ. ಅರ್ಧ ಗಂಟೆಯಲ್ಲಿ ಒಂದಾಟ ಮುಗಿಯುತ್ತದೆ.

ತುಮಕೂರಿನವರು ಮತ್ತೆ:
ತುಂಬಾ ಉಪಕಾರವಾಯಿತು. ಅಣ್ಣ-ತಂಗಿ ಇಬ್ಬರೇ ಇರುವಾಗ, ದುಡ್ಡು ಹಾಕದೆ ಆಡುವಂತಹದ್ದು ಏನಾದರೂ ಇದೆಯೇ?

ಮಧುಗಿರಿಯಿಂದ:
ಅಕ್ಕಾ, ಹುಲಿ-ಕುರಿ ಆಟವಿದೆಯಲ್ಲ! ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಹಾಸು ಸಿದ್ಧ. ಹಳೆಯ ಗುಡಿಗಳ ಕಲ್ಲುಹಾಸಿನಲ್ಲಿ ಇದೇ ಗೆರೆಗಳನ್ನು ಕೆತ್ತಿರುವುದು ಕಾಣುತ್ತದೆ. ನಾನು ಆಡುವುದು 23 ಮನೆಗಳ ಹಾಸಿನಲ್ಲಿ, 3 ಹುಲಿ, 15 ಕುರಿ. ಹುಲಿ ಕುರಿಯ ಮೇಲಿಂದ ಹಾರಿ ಆಚೆಯ ಖಾಲಿ ಮನೆಗೆ ಇಳಿದರೆ ಆ ಕುರಿ ಹೋಯಿತು. ಕುರಿಗಳೆಲ್ಲ ಹಾಸಿನ ಮೇಲೆ ಇಳಿಯುವವರೆಗೆ ಯಾವ ಕುರಿಯನ್ನೂ ನಡೆಸುವಂತಿಲ್ಲ, ಹುಲಿ ಮಾತ್ರ ಅಷ್ಟರಲ್ಲೇ ಬೇಟೆಗೆ ಹೊರಟಿರುತ್ತದೆ. ಮೊದಲು ಅಂಚಿನ ಮನೆಗಳಲ್ಲಿ ಕುರಿ ಇಡಿ; ಪ್ರತಿ ಕುರಿಯ ಬೆನ್ನಿಗೆ ಇನ್ನೊಂದು ಕುರಿ ಇರಲಿ. ಆಮೇಲೆ ಆತುರಪಡದೆ ಒಂದೊಂದೇ ಮನೆ ಮುಂದೆ ಸರಿಯುತ್ತಾ ಹುಲಿಯನ್ನು ಕಟ್ಟಬೇಕು. ಗರ ಬೀಳಲಿಲ್ಲ ಎನ್ನುವ ನೆಪವೇ ಈ ಆಟದಲ್ಲಿ ಇಲ್ಲ, ಅದು ನನಗೆ ಬಹಳ ಹಿಡಿಸಿದ ಗುಣ. ಒಂದಾಟ ಮುಗಿದ ಮೇಲೆ ಪಕ್ಷ ಬದಲಿಸಿಕೊಳ್ಳಲಿ.

ಚಿಕ್ಕಬಳ್ಳಾಪುರದಿಂದ:
ಮಧುಗಿರಿಯವರು ಹೇಳಿದ್ದು ಒಳ್ಳೆಯ ಆಟವೇ. ಆದರೆ ಅದರಲ್ಲಿ ಇರುವುದು ಬೇಟೆ, ಒತ್ತುವರಿ ಅಲ್ಲ. ಮಕ್ಕಳು ಕೇಳುತ್ತಿರುವುದು ನೆಲ ಹಿಡಿಯುವ ಆಟವಾದರೆ ಚೀನಾದಲ್ಲಿ ಹುಟ್ಟಿದ 'ಗೋ' ಕಲಿಸಿ. ದೊಡ್ಡ ಹಲಗೆಗೆ 19 ಗೆರೆಗಳು, 361 ಸಂದುಗಳು. ನೀವು ಅದನ್ನು ಮುಟ್ಟಬೇಡಿ. ಡ್ರಾಯಿಂಗ್ ಹಾಳೆಯಲ್ಲಿ ಉದ್ದಕ್ಕೆ 9, ಅಡ್ಡಕ್ಕೆ 9 ಗೆರೆ ಎಳೆಯಿರಿ. ಒಬ್ಬರಿಗೆ ಹುಣಸೆ ಬೀಜ, ಇನ್ನೊಬ್ಬರಿಗೆ ಒಣ ಅವರೆಕಾಳು.

ಕಾಯಿ ಇಡುವುದು ಗೆರೆಗಳು ಸೇರುವ ಸಂದಿನಲ್ಲಿ. ಇಟ್ಟ ಮೇಲೆ ಅದು ಕದಲುವುದಿಲ್ಲ. ಗೆರೆಯ ಗುಂಟ ಪಕ್ಕದ ಖಾಲಿ ಸಂದುಗಳೇ ಅದರ ಉಸಿರು. ಎಲ್ಲವನ್ನೂ ಎದುರಾಳಿ ಮುಚ್ಚಿದರೆ ಕಾಯಿ ಹೋಗುತ್ತದೆ. ಅಕ್ಕಪಕ್ಕ ಕೂಡಿದ ಕಾಯಿಗಳ ಗುಂಪಿಗೂ ಇದೇ ನಿಯಮ. ಗುಂಪಿನ ಒಳಗೆ ಬೇರೆಬೇರೆಯಾಗಿ ಎರಡು ಕಣ್ಣುಗಳಿದ್ದರೆ, ಅಂದರೆ ಸುತ್ತುವರಿದ ಖಾಲಿ ಸಂದುಗಳಿದ್ದರೆ, ಅದನ್ನು ಯಾರೂ ಕೊಲ್ಲಲಾರರು, ಏಕೆಂದರೆ ಎರಡನ್ನೂ ಒಂದೇ ನಡೆಯಲ್ಲಿ ಮುಚ್ಚಲಾಗದು. ಈ ಒಂದು ಸಂಗತಿ ತಲೆಗೆ ಹತ್ತಿದರೆ ಉಳಿದದ್ದು ಆಡುತ್ತಾ ಬರುತ್ತದೆ. ಹೊಸಬರು ಕಾಯಿ ಹೊಡೆಯುವ ಹಟದಲ್ಲಿ ಇರುವಾಗ ಎದುರಾಳಿ ಮೂಲೆಗಳಲ್ಲಿ ಬೇಲಿ ಹಾಕಿ ಮುಗಿಸಿರುತ್ತಾನೆ. ಮೂಲೆಯಲ್ಲಿ ಎರಡು ಬದಿಗೆ ಹಲಗೆಯ ಅಂಚೇ ಗೋಡೆಯಾಗುವುದರಿಂದ ಕಡಿಮೆ ಕಾಯಿಗಳಲ್ಲಿ ಹೆಚ್ಚು ನೆಲ ದಕ್ಕುತ್ತದೆ.

ಅಣ್ಣನೇ ಸದಾ ಗೆದ್ದಾನು ಎಂಬ ಅಳುಕು ಬೇಡ. ಕಲಿಯುವವರಿಗೆ ಆಟಕ್ಕೆ ಮುಂಚೆಯೇ ಕೆಲವು ಕಾಯಿ ಇಡಲು ಬಿಡುವ ಪದ್ಧತಿ ಗೋದಲ್ಲೇ ಇದೆ. ತಂಗಿ ಮೂರು ಕಾಯಿ ಇಟ್ಟುಕೊಂಡು ಶುರು ಮಾಡಲಿ. ಅವಳು ಗೆಲ್ಲತೊಡಗಿದಂತೆ ಒಂದೊಂದೇ ಕಡಿಮೆ ಮಾಡಿ.