ಫ್ರೋಜನ್ ವೀರ್ಯ: ಕುದುರೆ ಗಬ್ಬ ನಿಲ್ಲವಲ್ದು

ಪ್ರಶ್ನೆ (ಬೀದರ್): ಮಾರ್ವಾಡಿ ಹೆಣ್ಣುಕುದುರೆಗೆ ಬೆದಿ ಬಂದ ಎರಡನೇ ದಿನ ಫ್ರೋಜನ್ ವೀರ್ಯ ಹಾಕಿಸ್ತೀವ್ರಿ. ಗಬ್ಬ ನಿಲ್ಲವಲ್ದು. ಟೈಮ್ ಹೆಂಗ ಹಿಡೀಬೇಕು?

ಉತ್ತರ 1: ಬೆದಿ 5ರಿಂದ 7 ದಿನ ಇರ್ತದ್ರಿ, ಅಂಡ ಬೀಳೋದು ಕೊನೆಯ ಒಂದೆರಡು ದಿನದಾಗ. ಕರಗಿಸಿದ ವೀರ್ಯ ಅಲ್ಲಿತನಕ ಬಾಳಂಗಿಲ್ಲ. ಸ್ಕ್ಯಾನ್‌ನಾಗ ಕೋಶಕ (ಅಂಡ ಬೆಳೆಯೋ ನೀರಗುಳ್ಳಿ) 35 ಮಿ.ಮೀ. ಆಗಿ, ಗರ್ಭಕೋಶದ ಊತ ಕಂಡ ಮ್ಯಾಲೆ ಡಾಕ್ಟರ ಕಡಿಂದ ಎಚ್‌ಸಿಜಿ (ಅಂಡ ಬೀಳಿಸೋ ಹಾರ್ಮೋನ್) ಕೊಡಿಸ್ರಿ. ಸುಮಾರು 36 ತಾಸಿಗೆ ಅಂಡ ಬೀಳ್ತದ. 24 ತಾಸಾದ ಮ್ಯಾಲೆ 6 ತಾಸಿಗೊಮ್ಮೆ ನೋಡಿ, ಬಿದ್ದ 6 ತಾಸಿನೊಳಗ ಹಾಕಿಸ್ರಿ. ರಾತ್ರಿ ನಿದ್ದಿ ಕೆಡತದ್ರಿ.

ಉತ್ತರ 2: ವೀರ್ಯ ಕರಗಿಸೋದೂ ಸರಿ ಇರಬೇಕ್ರಿ: 0.5 ಮಿ.ಲೀ. ಸ್ಟ್ರಾ (ವೀರ್ಯ ತುಂಬಿದ ಸಣ್ಣ ಕೊಳವಿ) ಸಾಮಾನ್ಯವಾಗಿ 37 ಡಿಗ್ರಿ ನೀರಾಗ 30 ಸೆಕೆಂಡ್. ಕೈ ಅಂದಾಜು ಬ್ಯಾಡ, ಥರ್ಮಾಮೀಟರ್ ಇಡ್ರಿ. ಕಲಬುರಗಿ ಬ್ಯಾಸಗಿಯೊಳಗ ವೀರ್ಯ ಇಡೋ ಡಬ್ಬಿಯ ದ್ರವ ನೈಟ್ರೋಜನ್ ಮಟ್ಟ ತಪ್ಪದೇ ಅಳೀರಿ.

ಉತ್ತರ 3: ವೀರ್ಯ ಹಾಕಿಸಿದ ಮರುದಿನ ಗರ್ಭಕೋಶದಾಗ 2 ಸೆಂ.ಮೀ. ಮ್ಯಾಲೆ ನೀರು ಕಂಡ್ರ ರಿಂಗರ್ ಲ್ಯಾಕ್ಟೇಟ್ ಸಲೈನ್‌ಲೆ ತೊಳೆಸಿ, ಆಕ್ಸಿಟೋಸಿನ್ (ಗರ್ಭಕೋಶ ಹಿಂಡಿ ನೀರು ಹೊರಗ ಹಾಕಿಸೋ ಹಾರ್ಮೋನ್) ಕೊಡಿಸ್ರಿ. ಅಂಡ ಬಿದ್ದ 14ನೇ ದಿನದ ಸ್ಕ್ಯಾನ್ ಬಿಡಬ್ಯಾಡ್ರಿ. ಅವಳಿ ಇದ್ರ 16ನೇ ದಿನದೊಳಗ ಒಂದು ತೆಗೆಸಬೇಕು.